ಉಣ್ಣಿ, ನುಸಿ, ಕಜ್ಜಿ: ನಮ್ಮ ಸೀಮೆಯ ದನ-ಕುರಿ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಷ್ಟಗಿ, ಗಂಗಾವತಿ, ಸಿಂಧನೂರು, ಮಸ್ಕಿ ಕಡೆ ದನ-ಕುರಿಗಳಿಗೆ ಔಷಧಿ ಕೊಡುವ ಕೆಲಸ ನನ್ನದು. ದವಾಖಾನೆಯ ಕಟ್ಟೆ ಮೇಲೆ, ಸಂತೆಯಲ್ಲಿ, ರಾತ್ರಿ ಹತ್ತು ಗಂಟೆಗೆ ಬರುವ ವಾಟ್ಸಾಪ್ ಫೋಟೊ ಜೊತೆ, ಮತ್ತೆ ಮತ್ತೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಒಂದು ಪದದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕುರಿಯ ಕೂದಲಿಗೂ ಉಣ್ಣೆ ಅನ್ನುತ್ತೇವೆ, ರಕ್ತ ಹೀರುವ ಹುಳಕ್ಕೂ ಕೆಲವರು ಉಣ್ಣೆ ಅನ್ನುತ್ತಾರೆ. ಗೊಂದಲ ಬೇಡ. ಇಲ್ಲಿ ಹುಳಕ್ಕೆ ಉಣ್ಣಿ, ಕೂದಲಿಗೆ ಉಣ್ಣೆ.

## ಮೊದಲು ತಿಳಿಯಬೇಕಾದದ್ದು

ಉಣ್ಣಿ, ಹೇನು, ನುಸಿ, ಚಿಗಟ, ಎಲ್ಲಾ ಒಂದೇ ಅಲ್ವಾ?

ಅಲ್ಲ. ಕಾಲು ಎಣಿಸಿದರೆ ಗೊತ್ತಾಗುತ್ತದೆ. ಹೇನಿಗೆ, ಚಿಗಟಕ್ಕೆ ಆರು ಕಾಲು. ಬೆಳೆದ ಉಣ್ಣಿಗೆ, ನುಸಿಗೆ ಎಂಟು ಕಾಲು. ಅಂದರೆ ಇವು ಜೇಡ, ಚೇಳಿನ ಬಳಗ. ಮೊಟ್ಟೆಯಿಂದ ಆಗ ತಾನೆ ಬಂದ ಉಣ್ಣಿ ಮರಿಗೆ ಮಾತ್ರ ಆರೇ ಕಾಲು ಇರುತ್ತವೆ.

ಉಣ್ಣಿ ಕಣ್ಣಿಗೆ ಕಾಣುತ್ತದೆ. ಕಜ್ಜಿ ತರುವ ನುಸಿ ಕಾಣುವುದು ಕಷ್ಟ, ಸೂಕ್ಷ್ಮದರ್ಶಕ ಬೇಕು. ತೆಂಗಿನಕಾಯಿಗೆ ನುಸಿ ಬಿತ್ತು ಅನ್ನುತ್ತೇವಲ್ಲ, ಅದರ ದೂರದ ನೆಂಟರೇ ಇವು. ಈ ಭೇದ ಯಾಕೆ ಮುಖ್ಯ ಅಂದರೆ, ಹೇನಿಗೆ ಕೊಟ್ಟ ಔಷಧಿ ನುಸಿಗೆ ಕೆಲಸ ಮಾಡಬೇಕು ಅಂತೇನಿಲ್ಲ.

ಒಂದು ದಪ್ಪಗೆ ಬೂದಿ ಬಣ್ಣಕ್ಕಿದೆ, ಪಕ್ಕದಲ್ಲೇ ಸಣ್ಣದು ಕಂದು ಬಣ್ಣದ್ದಿದೆ. ಎರಡು ಜಾತಿನಾ?

ಬಹಳ ಸಲ ಒಂದೇ ಜಾತಿ. ರಕ್ತ ಕುಡಿದು ಉಬ್ಬಿದ್ದು ಹೆಣ್ಣು, ಸಣ್ಣದು ಗಂಡು. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಥೇಟ್ ಔಡಲ ಬೀಜ. ಲ್ಯಾಟಿನ್ ಭಾಷೆಯವರಿಗೂ ಹಾಗೇ ಕಂಡಿತ್ತು. ಉಣ್ಣಿಗೆ ಅವರು ಹೇಳುತ್ತಿದ್ದ ಪದವೇ ಔಡಲ ಗಿಡಕ್ಕೂ ಹೆಸರಾಗಿ ನಿಂತಿದೆ.

ಆದರೆ ಕಾಲನ್ನೂ ನೋಡಿ. ಉದ್ದ ಕಾಲು, ಕಾಲಿನ ಮೇಲೆ ಬಿಳಿ-ಕಂದು ಪಟ್ಟಿ ಇದ್ದರೆ ಅದು ಹಯಲೋಮಾ. ಗಿಡ್ಡ ಕಾಲು, ಮೈ ತುಂಬಾ ಬೂದಿ ಬಣ್ಣ ಇದ್ದರೆ ಸಾಮಾನ್ಯವಾಗಿ ರಿಪಿಸೆಫಾಲಸ್ ಮೈಕ್ರೋಪ್ಲಸ್, ಹಳೆಯ ಹೆಸರು ಬೂಫಿಲಸ್. ಆಡು-ಕುರಿಯಲ್ಲಿ ಹಿಮಾಫೈಸಾಲಿಸ್ ಅನ್ನುವ ಇನ್ನೊಂದೂ ಸಿಗುತ್ತದೆ. ಹೆಸರು ಬಾಯಿಪಾಠ ಮಾಡಬೇಕಿಲ್ಲ. ಪಟ್ಟೆ ಕಾಲಿನದೋ ಅಲ್ಲವೋ ಅಷ್ಟು ನೋಡಿಕೊಂಡರೆ ಮುಂದಿನ ಅರ್ಧ ಕೆಲಸ ಆದಂತೆ.

ನಮ್ಮಜ್ಜನ ಕಾಲದಿಂದ ಉಣ್ಣಿ ಇದ್ದಾವೆ. ನಾಲ್ಕು ಉಣ್ಣಿ ಕಚ್ಚಿದರೆ ಏನಾಗುತ್ತೆ ಡಾಕ್ಟ್ರೇ?

ಅಜ್ಜನ ಕಾಲದಲ್ಲಿ ಕೊಟ್ಟಿಗೆಯಲ್ಲಿ ಇದ್ದದ್ದು ನಾಟಿ ದನ. ಅವುಗಳ ಚರ್ಮ, ಮೈಯ ಶಕ್ತಿ, ಹುಳವನ್ನು ನೆಕ್ಕಿ ತೆಗೆಯುವ ಚುರುಕು ಎಲ್ಲಾ ಉಣ್ಣಿಯ ಜೊತೆಗೇ ಬೆಳೆದು ಬಂದದ್ದು. ಈಗ ಅದೇ ಕೊಟ್ಟಿಗೆಯಲ್ಲಿ ಎಚ್‌ಎಫ್, ಜರ್ಸಿ ಆಕಳು ಕಟ್ಟಿದ್ದೇವೆ. ಅವು ಹಾಲು ಜಾಸ್ತಿ ಕೊಡುತ್ತವೆ, ಉಣ್ಣಿಗೂ ಉಣ್ಣಿ ಜ್ವರಕ್ಕೂ ಬೇಗ ಸೋಲುತ್ತವೆ.

ಒಂದು ಹೆಣ್ಣು ಉಣ್ಣಿ ಹೊಟ್ಟೆ ತುಂಬುವಷ್ಟರಲ್ಲಿ ಅರ್ಧ ಮಿಲಿಯಿಂದ 2 ಮಿಲಿವರೆಗೆ ರಕ್ತ ಕುಡಿಯುತ್ತದೆ. ಮೈಮೇಲೆ ನೂರು ಇದ್ದರೆ ಲೆಕ್ಕ ನೀವೇ ಹಾಕಿ. ಅದರ ಮೇಲೆ ಕಚ್ಚಿದ ಜಾಗದಲ್ಲಿ ಗಾಯ, ಗಾಯಕ್ಕೆ ನೊಣ, ನೊಣದಿಂದ ಹುಳ. ಕೆಚ್ಚಲಿನ ಮೇಲೆ ಕೂತರೆ ಮೊಲೆ ಹಾಳು. ಇಷ್ಟಾದರೂ ಸಹಿಸಬಹುದಿತ್ತು. ನಿಜವಾದ ಹೆದರಿಕೆ ಉಣ್ಣಿ ತರುವ ಜ್ವರದ್ದು. ಅದರ ವಿಷಯ ಕೆಳಗೆ ಬೇರೆಯಾಗಿಯೇ ಬರೆದಿದ್ದೇನೆ.

ಕಿತ್ತು ಕಿತ್ತು ಸಾಕಾಯ್ತು. ಎಂಟು ದಿನಕ್ಕೆ ಮತ್ತೆ ಅಷ್ಟೇ. ಎಲ್ಲಿಂದ ಬರ್ತಾವ್ರಿ ಇವು?

ಗೋಡೆಯಿಂದ. ಇದೊಂದು ಮಾತು ಮನಸ್ಸಿಗೆ ಹತ್ತಿದರೆ ಉಳಿದದ್ದು ಸುಲಭ.

ಯಲಬುರ್ಗಾ ಕಡೆಯ ಒಂದು ಹಳೆಯ ಮಾಳಿಗೆ ಮನೆಗೆ ಹೋಗಿದ್ದೆ. ಮುಂದಿನ ಅಂಕಣದಲ್ಲಿ ದನ, ಮೇಲಿನ ಪಡಸಾಲೆಯಲ್ಲಿ ಮನೆಯವರು. ಕಲ್ಲು-ಮಣ್ಣಿನ ಗೋಡೆ. ಮನೆಯ ಯಜಮಾನರು ಪ್ರತಿ ಭಾನುವಾರ ಉಣ್ಣಿ ಕೀಳುತ್ತಿದ್ದರು, ಪ್ರತಿ ಭಾನುವಾರ ಅಷ್ಟೇ ಸಿಗುತ್ತಿದ್ದವು. ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದು ಗೋದಲಿಯ ಹಿಂದಿನ ಗೋಡೆ ನೋಡಿದೆವು. ಎರಡು ಕಲ್ಲಿನ ನಡುವಿನ ಸಂದಿಗೆ ಕಸಬರಿಗೆ ಕಡ್ಡಿ ಹಾಕಿ ಎಳೆದರೆ ಉಣ್ಣಿಗಳು ಸಾಲಾಗಿ ಉದುರಿದವು. ಜೊತೆಗೆ ಕಂದು ಬಣ್ಣದ ಒಂದು ಮುದ್ದೆ, ಬೆಲ್ಲದ ಪಾಕದಲ್ಲಿ ಅದ್ದಿದ ಗಸಗಸೆಯ ಹಾಗೆ. ಅದು ಮೊಟ್ಟೆ. ಯಜಮಾನರು ಅದನ್ನು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಹೊಟ್ಟೆ ತುಂಬಿದ ಹೆಣ್ಣು ದನದ ಮೈಯಿಂದ ತಾನಾಗಿ ಉದುರುತ್ತದೆ. ಸಂದಿಗೆ, ಸಗಣಿ-ಕಸದ ಅಡಿಗೆ ಹೋಗಿ ಎರಡರಿಂದ ನಾಲ್ಕು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಮಳೆಗಾಲದ ಬೆಚ್ಚಗಿನ ಹಸಿಯಲ್ಲಿ ಸುಮಾರು ಮೂರು ವಾರಕ್ಕೆ ಮರಿ ಹೊರಬರುತ್ತವೆ. ಅವು ತಿಂಗಳುಗಟ್ಟಲೆ ಉಪವಾಸ ಇರಬಲ್ಲವು. ದನ ಹತ್ತಿರ ಬಂದರೆ ಉಸಿರಿನ ವಾಸನೆ, ಮೈ ಬಿಸಿ ಹಿಡಿದು ಹತ್ತುತ್ತವೆ.

ಬೂಫಿಲಸ್ ಮರಿ ಒಂದು ಸಲ ದನ ಹತ್ತಿದರೆ ಸುಮಾರು 21 ದಿನ ಇಳಿಯುವುದೇ ಇಲ್ಲ. ಮರಿ, ಹರೆಯ, ಪ್ರಾಯ ಎಲ್ಲಾ ಅದೇ ಮೈಮೇಲೆ. ಪಟ್ಟೆ ಕಾಲಿನ ಹಯಲೋಮಾ ಹಾಗಲ್ಲ. ಕುಡಿಯುತ್ತದೆ, ಇಳಿಯುತ್ತದೆ, ಗೋಡೆಯಲ್ಲಿ ಪೊರೆ ಬಿಡುತ್ತದೆ, ಮತ್ತೆ ಇನ್ನೊಂದು ದನ ಹತ್ತುತ್ತದೆ. ಹಾಗಾಗಿ ಅದಕ್ಕೆ ಕೊಟ್ಟಿಗೆಯೇ ಮನೆ, ದನ ಬರೀ ಊಟದ ಜಾಗ. ನೀವು ಭಾನುವಾರ ಕಿತ್ತದ್ದು ಊಟಕ್ಕೆ ಕೂತವನ್ನು ಮಾತ್ರ.

ಕೈಯಿಂದ ಕಿತ್ತು ಬಿಸಾಕಿದರೆ ತಪ್ಪೇನು?

ಕೀಳುವುದು ತಪ್ಪಲ್ಲ, ಬಿಸಾಕುವುದು ತಪ್ಪು. ಉಬ್ಬಿದ ಹೆಣ್ಣನ್ನು ಕೊಟ್ಟಿಗೆಯ ನೆಲಕ್ಕೆ ಎಸೆದರೆ ಮೊಟ್ಟೆ ಇಡಲು ನೀವೇ ಜಾಗ ತೋರಿಸಿದ ಹಾಗೆ. ಉಗುರಿನಲ್ಲಿ ಚಿವುಟಿ ಒಡೆಯುವುದಂತೂ ಬೇಡವೇ ಬೇಡ. ಅದರ ರಕ್ತದಲ್ಲಿ ರೋಗಾಣು ಇದ್ದರೆ ನಿಮ್ಮ ಬೆರಳಿನ ಸಣ್ಣ ಗಾಯವೇ ಸಾಕು.

ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ, ಇಲ್ಲವೇ ಚಿಮಟಾ ತಗೊಳ್ಳಿ. ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ಒಂದು ಡಬ್ಬಿಯಲ್ಲಿ ಸೋಪಿನ ನೀರು, ಮೇಲೆ ನಾಲ್ಕು ಹನಿ ಸೀಮೆಎಣ್ಣೆ ಹಾಕಿಟ್ಟುಕೊಂಡು ಅದರೊಳಗೆ ಹಾಕಿ. ಕಿವಿಯ ಒಳಗೆ, ಬಾಲದ ಬುಡ, ಕೆಚ್ಚಲಿನ ಹಿಂದೆ, ತೊಡೆ ಸಂದಿ, ಗಂಗೆದೊಗಲಿನ ಮಡಿಕೆ, ಇವನ್ನು ಮರೆಯಬೇಡಿ.

ನಮ್ಮದು ಒಣ ಸೀಮೆ. ಉಣ್ಣಿ ಮಲೆನಾಡಿನ ಕಾಟ ಅಲ್ವಾ?

ಬೂಫಿಲಸ್‌ಗೆ ಹಸಿ ಬೇಕು, ಅದು ನಿಜ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದರ ಕಾಲ. ಆದರೆ ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದಲ್ಲಿ ಬದುವಿನ ಹುಲ್ಲು ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಉಣ್ಣಿಗೆ ಅಷ್ಟು ತಂಪು ಸಾಕು. ಹಯಲೋಮಾಕ್ಕೆ ಬಿಸಿಲು, ಒಣ ಹವೆ ಎರಡೂ ಒಗ್ಗುತ್ತವೆ. ದೇವದುರ್ಗದ ಬಿಸಿಲಿಗೂ ಅದು ಜಗ್ಗುವುದಿಲ್ಲ, ಗೋಡೆಯ ಸಂದಿಯಲ್ಲಿ ತಣ್ಣಗೆ ಕೂತಿರುತ್ತದೆ.

ಕಜ್ಜಿಯ ಕಾಲ ಬೇರೆ. ಚಳಿಗೆ ಕುರಿಗಳು ಒತ್ತಾಗಿ ಮಲಗುವ ನವೆಂಬರ್‌ನಿಂದ ಫೆಬ್ರವರಿವರೆಗೆ ಅದು ಜೋರು.

## ಔಷಧಿ ವಿಷಯ

ಹತ್ತಿಗೆ ಹೊಡೆದ ಎಣ್ಣೆ ಸ್ವಲ್ಪ ಉಳಿದಿತ್ತು. ಎಮ್ಮೆಗೆ ಒರೆಸಿದರೆ ಉಣ್ಣಿ ಸಾಯ್ತಾವಲ್ವಾ?

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನೇ ಓದಿ.

ಮಾನ್ವಿ ಕಡೆಯ ಒಂದು ಹಳ್ಳಿಯಿಂದ ರಾತ್ರಿ ಫೋನ್ ಬಂತು. ಎಮ್ಮೆ ಎರಡನೇ ಸೂಲಿನದು, ಹೊತ್ತಿಗೆ ಐದು ಲೀಟರ್ ಹಾಲು. ಸಂಜೆ ಹತ್ತಿಗೆ ಹೊಡೆಯುವ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಮೈಗೆಲ್ಲಾ ಒರೆಸಿದ್ದರು. ನಾನು ಹೋಗುವಷ್ಟರಲ್ಲಿ ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು, ಕಣ್ಣಲ್ಲಿ ನೀರು, ಮಾಂಸಖಂಡ ಅದುರುತ್ತಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿತ್ತು. ಅಟ್ರೋಪಿನ್ ಕೊಟ್ಟೆವು, ಸೋಪು ಹಾಕಿ ಕೊಡಗಟ್ಟಲೆ ನೀರು ಸುರಿದೆವು. ಎಮ್ಮೆ ಬದುಕಿತು. ತಾಯಿಯ ಮೈ ನೆಕ್ಕಿದ್ದ ಕರು ಉಳಿಯಲಿಲ್ಲ. ಆ ಮನೆಯ ಅವ್ವ ಕರುವಿನ ಹಗ್ಗ ಕೈಯಲ್ಲಿ ಹಿಡಿದು ಕೂತಿದ್ದು ಇವತ್ತಿಗೂ ಕಣ್ಮುಂದೆ ಇದೆ.

ಬೆಳೆಗೆ ಹೊಡೆಯುವ ಮೊನೊಕ್ರೋಟೊಫಾಸ್, ಕ್ಲೋರೋಪೈರಿಫಾಸ್ ಇಂಥವು ಚರ್ಮದ ಮೂಲಕ ಒಳಗೆ ಇಳಿಯುತ್ತವೆ. ಹಾಲಿಗೂ ಬರುತ್ತವೆ. ಗೊತ್ತಿಲ್ಲದೆ ಹಚ್ಚಿಬಿಟ್ಟಿದ್ದರೆ ಕೂಡಲೇ ಸೋಪು, ಜಾಸ್ತಿ ನೀರು, ನೆರಳು. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳಿ. ನಡುಗುತ್ತಿರುವ ದನದ ಬಾಯಿಗೆ ಏನನ್ನೂ ಹುಯ್ಯಬೇಡಿ. 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಎಣ್ಣೆಯ ಬಾಟ್ಲಿ ಬಿಸಾಡದೆ ಡಾಕ್ಟರಿಗೆ ತೋರಿಸಿ. ಯಾವ ವಿಷ ಅಂತ ಗೊತ್ತಾದರೆ ಅರ್ಧ ಗಂಟೆ ಉಳಿಯುತ್ತದೆ.

ಹಂಗಾದ್ರೆ ಯಾವುದು ಹೊಡೀಬೇಕು? ಲೀಟರಿಗೆ ಎಷ್ಟು?

ದನಕ್ಕೆಂದೇ ಮಾಡಿದ್ದು ಬೇಕು. ಸಾಮಾನ್ಯವಾಗಿ ಬರೆದುಕೊಡುವವು ಇವು. ಅಮಿಟ್ರಾಜ್ 12.5% ಇದ್ದರೆ ಉಣ್ಣಿಗೆ ಲೀಟರ್ ನೀರಿಗೆ 2 ಮಿಲಿ, ಕಜ್ಜಿಗೆ 4 ಮಿಲಿ. ಡೆಲ್ಟಾಮೆಥ್ರಿನ್ 1.25% ಇದ್ದರೆ ಉಣ್ಣಿಗೆ ಲೀಟರಿಗೆ 2 ಮಿಲಿ. ಸೈಪರ್‌ಮೆಥ್ರಿನ್ 10% ಇದ್ದರೆ ಲೀಟರಿಗೆ 1 ಮಿಲಿ. ಬಾಟ್ಲಿ ಮೇಲಿನ ಶೇಕಡಾ ನೋಡದೆ ಈ ಲೆಕ್ಕ ಹಾಕಬೇಡಿ. ಶೇಕಡಾ ಬದಲಾದರೆ ಅಳತೆಯೂ ಬದಲಾಗುತ್ತದೆ. ಎಳೆ ಕರು, ತುಂಬು ಗಬ್ಬದ ದನ, ಗಾಯ ಇರುವ ದನಕ್ಕೆ ಡಾಕ್ಟರನ್ನು ಕೇಳಿಯೇ ಹೊಡೆಯಿರಿ.

ಅಳತೆಗಿಂತ ದೊಡ್ಡ ತಪ್ಪು ನಾನು ನೋಡುವುದು ಒರೆಸುವುದರಲ್ಲಿ. ಒಂದು ತಂಬಿಗೆ ನೀರಲ್ಲಿ ಬೆನ್ನಿಗೆ ಮಾತ್ರ ಹಚ್ಚಿ ಮುಗಿಸುತ್ತಾರೆ. ಉಣ್ಣಿ ಬೆನ್ನ ಮೇಲೆ ಇರುವುದೇ ಕಡಿಮೆ. ದೊಡ್ಡ ದನಕ್ಕೆ 3–4 ಲೀಟರ್ ಬೇಕು, ಹೊಟ್ಟೆ ಅಡಿ, ಸಂದಿ, ಬಾಲ ಎಲ್ಲಾ ತೊಯ್ಯಬೇಕು. ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಬಾಯಾರಿದ ದನ ಮೈ ನೆಕ್ಕುತ್ತದೆ. ಬೆಳಗಿನ ತಂಪಿನಲ್ಲಿ ಮಾಡಿ. ಮಳೆ ಬರುವ ಹಾಗಿದ್ದರೆ ನಾಳೆಗೆ ಇಡಿ. ಕೆಚ್ಚಲನ್ನು ಹಾಲು ಹಿಂಡುವ ಮೊದಲು ಚೆನ್ನಾಗಿ ತೊಳೆಯಿರಿ.

ಕುದುರೆಗೆ ಅಮಿಟ್ರಾಜ್ ಹಾಕಬಾರದು, ಹೊಟ್ಟೆ ಕಟ್ಟಿಬಿಡುತ್ತದೆ. ಬೆಕ್ಕಿಗೆ ಅಮಿಟ್ರಾಜೂ ಬೇಡ, ಡೆಲ್ಟಾಮೆಥ್ರಿನ್ ಬಳಗವೂ ಬೇಡ.

ಎರಡು ವರ್ಷದ ಹಿಂದೆ ಇದೇ ಔಷಧಿಗೆ ಉದುರ್ತಿದ್ದವು. ಈಗ ಸಾಯೋದೇ ಇಲ್ಲ. ಡುಪ್ಲಿಕೇಟಾ?

ಅದೂ ಇರಬಹುದು, ಆದರೆ ಬಹಳ ಸಲ ಉಣ್ಣಿಯೇ ಗಟ್ಟಿಯಾಗಿರುತ್ತದೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗೆ ಬಗ್ಗದ ಬೂಫಿಲಸ್ ನಮ್ಮ ದೇಶದ ಹಲವು ಕಡೆ ಸಿಕ್ಕಿದೆ. ಅಳತೆ ಕಡಿಮೆ ಹಾಕಿದಾಗ ಮೆತ್ತಗಿನವು ಸಾಯುತ್ತವೆ, ಗಟ್ಟಿಯವು ಉಳಿಯುತ್ತವೆ. ಮುಂದಿನ ಸಾವಿರಾರು ಮರಿ ಆ ಗಟ್ಟಿಯವುಗಳದ್ದೇ.

ಆಗ ಎರಡು ಪಟ್ಟು ಹಾಕುವುದಲ್ಲ, ಔಷಧಿಯ ಬಳಗ ಬದಲಿಸಬೇಕು. ಇಲ್ಲೊಂದು ಮೋಸ ಇದೆ. ಡೆಲ್ಟಾಮೆಥ್ರಿನ್ ಬಿಟ್ಟು ಸೈಪರ್‌ಮೆಥ್ರಿನ್ ತಂದರೆ ಹೆಸರು ಬೇರೆ, ಬಳಗ ಒಂದೇ. ಫ್ಲುಮೆಥ್ರಿನ್ ಕೂಡ ಅದೇ ಮನೆತನ. ಅಮಿಟ್ರಾಜ್ ಬೇರೆ ಮನೆತನ.

ಇಷ್ಟೆಲ್ಲಾ ಯಾಕೆ, ಐವರ್‌ಮೆಕ್ಟಿನ್ ಸೂಜಿ ಒಂದು ಹಾಕಿದರೆ ಮುಗೀತಲ್ವಾ?

ಕಜ್ಜಿಗೆ ಒಳ್ಳೆಯ ಔಷಧಿ. ಚರ್ಮದ ಅಡಿಗೆ, 1% ದ್ರಾವಣ 50 ಕೆ.ಜಿ. ತೂಕಕ್ಕೆ 1 ಮಿಲಿ. ಬೂಫಿಲಸ್ ಮೇಲೂ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಗೋಡೆಯಲ್ಲಿ ಕೂತ ಉಣ್ಣಿಗೆ ಸೂಜಿ ಮುಟ್ಟುವುದಿಲ್ಲ, ಗೊತ್ತಲ್ಲ.

ಹಾಲು ಹಿಂಡುವ ದನಕ್ಕೆ ಈ ಸೂಜಿ ಬೇಡ. ಔಷಧಿ ಕೊಬ್ಬಿನಲ್ಲಿ ಕೂತು ಬಹಳ ದಿನ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿಯುವುದು ನಿಮ್ಮದೇ ಮಕ್ಕಳು, ಡೈರಿಗೆ ಹಾಕಿದರೆ ಇನ್ನೊಬ್ಬರ ಮಕ್ಕಳು. ಕಡಿಯುವ ಟಗರಿಗೂ ಬಾಟ್ಲಿ ಮೇಲೆ ಬರೆದಷ್ಟು ದಿನ ಕಾಯಬೇಕು. ಕೋಲಿ (Collie) ಅನ್ನುವ ವಿದೇಶಿ ತಳಿಯ ನಾಯಿಗಳಿಗೆ ಇದು ಮಿದುಳಿಗೆ ಏರಿ ಜೀವಕ್ಕೇ ಕುತ್ತು.

ಬೇವಿನೆಣ್ಣೆ, ಸೀಮೆಎಣ್ಣೆ, ಗಾಡಿ ಎಣ್ಣೆ ಹಚ್ಚಬಹುದಾ?

ಬೇವಿನೆಣ್ಣೆ ಹಚ್ಚಿ. ಉಣ್ಣಿ ಹತ್ತುವುದು ಸ್ವಲ್ಪ ತಗ್ಗುತ್ತದೆ, ಗಾಯಕ್ಕೆ ನೊಣವೂ ಕೂರುವುದಿಲ್ಲ. ಮೈ ತುಂಬಾ ಉಣ್ಣಿ ಇದ್ದಾಗ ಅದೊಂದನ್ನೇ ನಂಬಬೇಡಿ. ಸೀಮೆಎಣ್ಣೆ, ಹಳೆಯ ಎಂಜಿನ್ ಎಣ್ಣೆ ಎರಡೂ ಬೇಡ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ.

ಕೊಟ್ಟಿಗೆಗೆ ಏನು ಮಾಡಬೇಕು, ಖರ್ಚಿಲ್ಲದೆ ಹೇಳ್ರಿ.

ಸಂದಿ ಮುಚ್ಚಿ. ಮಣ್ಣಿನ ಗೋಡೆಯಾದರೆ ಮಣ್ಣು-ಸಗಣಿ ಮೆತ್ತಿ, ಕಲ್ಲಿನದಾದರೆ ಸಿಮೆಂಟು ತುಂಬಿ. ಮೇಲೆ ಸುಣ್ಣ ಬಳಿಯಿರಿ. ಗೋದಲಿಯ ಅಡಿ, ಗೂಟದ ಬುಡ, ಬಾಗಿಲ ಚೌಕಟ್ಟು, ಇವೇ ಅವುಗಳ ಅಡಗುತಾಣ. ಮೈಗೆ ಔಷಧಿ ಹೊಡೆದ ದಿನವೇ ಗೋಡೆಗೂ ನಿಮ್ಮ ತಲೆಯೆತ್ತರದವರೆಗೆ ಹೊಡೆಯಿರಿ, ದನ ಹೊರಗಿರಲಿ, ಒಣಗಿದ ಮೇಲೆ ಒಳಗೆ ಕಟ್ಟಿ. 15 ದಿನ ಬಿಟ್ಟು ಇನ್ನೊಮ್ಮೆ. ಮೊಟ್ಟೆಗೆ ಔಷಧಿ ಸರಿಯಾಗಿ ತಾಗುವುದಿಲ್ಲ, ಎರಡನೇ ಸಲ ಹೊಡೆಯುವುದು ಆಮೇಲೆ ಹೊರಬಂದ ಮರಿಗಳಿಗೆ.

ತಿಪ್ಪೆ ಕೊಟ್ಟಿಗೆಗೆ ಅಂಟಿಕೊಂಡಿರುವುದು ಬೇಡ. ಕಣಕಿ ಬಣವಿಯೂ ಗೋಡೆಗೆ ಒರಗಿರಬಾರದು. ನಾಟಿ ಕೋಳಿ ನಾಲ್ಕು ಬಿಟ್ಟರೆ ಉದುರಿದ ಉಣ್ಣಿ ಹೆಕ್ಕುತ್ತವೆ. ಔಷಧಿ ಹೊಡೆದ ದಿನ ಅವನ್ನು ದೂರ ಇಡಿ. ಕೆಲವರು ಸಂದಿಗೆ ಬೆಂಕಿ ಹಿಡಿಯುತ್ತಾರೆ. ಕಲ್ಲು ಗೋಡೆ, ತಗಡಿನ ಮಾಡು, ಸುತ್ತ ಮೇವು ಇಲ್ಲ ಅಂದರೆ ಸರಿ. ಹುಲ್ಲಿನ ಗುಡಿಸಲಲ್ಲಿ ಆ ಯೋಚನೆಯೇ ಬೇಡ.

## ಉಣ್ಣಿ ಜ್ವರಗಳು

ಆಕಳ ಉಚ್ಚೆ ಕೆಂಪಗೆ, ಚಹಾ ಡಿಕಾಕ್ಷನ್ ಹಾಗೆ ಬರ್ತಿದೆ. ಉಷ್ಣ ಆಗಿದೆಯಾ?

ಉಷ್ಣ ಅಂತ ಮಜ್ಜಿಗೆ ಕುಡಿಸುತ್ತಾ ಎರಡು ದಿನ ಕಳೆಯಬೇಡಿ. ಜ್ವರದ ಜೊತೆ ಕೆಂಪು ಉಚ್ಚೆ ಅಂದರೆ ಮೊದಲು ಬರುವ ಅನುಮಾನ ಬೆಬಿಸಿಯಾ. ಉಣ್ಣಿ ಕಚ್ಚಿದಾಗ ಬರುವ ಈ ರೋಗಾಣು ಕೆಂಪು ರಕ್ತಕಣದೊಳಗೆ ಸೇರಿ ಅದನ್ನು ಒಡೆಯುತ್ತದೆ. ಒಡೆದ ರಕ್ತದ ಬಣ್ಣವೇ ಉಚ್ಚೆಯಲ್ಲಿ ಕಾಣುವುದು. ಡಿಮಿನಾಜಿನ್ ಸೂಜಿ ಹೊತ್ತಿಗೆ ಬಿದ್ದರೆ ಬೇಗ ಚೇತರಿಸಿಕೊಳ್ಳುತ್ತವೆ. ವಿಚಿತ್ರ ಅಂದರೆ, ಇದು ಎಳೆ ಕರುಗಳಿಗಿಂತ ದೊಡ್ಡ ದನವನ್ನೇ ಜಾಸ್ತಿ ಕಾಡುತ್ತದೆ. ಹಾಗಾಗಿ ಉಣ್ಣಿ ಇಲ್ಲದ ಜಾಗದಿಂದ ತಂದ ದುಬಾರಿ ಆಕಳ ಮೇಲೆ ವಿಶೇಷ ಕಣ್ಣಿಡಿ.

ಜ್ವರ ಇಳೀತಿಲ್ಲ, ಹೆಗಲ ಮುಂದೆ ನಿಂಬೆಹಣ್ಣಿನಷ್ಟು ಗಂಟು. ಇದೂ ಉಣ್ಣಿಯಿಂದಾನಾ?

ಬಹುಶಃ ಹೌದು. ಇದು ಥೈಲೀರಿಯಾ, ಪಟ್ಟೆ ಕಾಲಿನ ಹಯಲೋಮಾ ತರುವಂಥದ್ದು. ದನದ ಸಾಮಾನ್ಯ ಬಿಸಿ 101–102 ಡಿಗ್ರಿ. ಇದರಲ್ಲಿ 104ರಿಂದ 106ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಹೆಗಲ ಮುಂದಿನ ಗ್ರಂಥಿ ಊದುತ್ತದೆ, ಹಾಲು ಬತ್ತುತ್ತದೆ, ಕಣ್ಣಿನ ಒಳಪೊರೆ ಬಿಳಿಚಿಕೊಳ್ಳುತ್ತದೆ. ಬುಪಾರ್ವಾಕ್ವೋನ್ ಅನ್ನುವ ಸೂಜಿ ಇದೆ. ಬೆಲೆ ಜಾಸ್ತಿ, ಮೊದಲ ದಿನಗಳಲ್ಲಿ ಬಿದ್ದರೆ ಮಾತ್ರ ಅದಕ್ಕೆ ಬೆಲೆ. ರಕ್ತ ಪೂರ್ತಿ ಬತ್ತಿದ ಮೇಲೆ ಸೂಜಿ ಹಾಕಿ ಡಾಕ್ಟರನ್ನು ಬೈದರೆ ಏನೂ ಆಗುವುದಿಲ್ಲ.

ಮೂರನೆಯದು ಅನಾಪ್ಲಾಸ್ಮಾ. ಜ್ವರ, ಕಾಮಾಲೆ, ಗಟ್ಟಿ ಸಗಣಿ. ಉಚ್ಚೆ ಕೆಂಪಾಗುವುದಿಲ್ಲ. ಇದು ಉಣ್ಣಿಯಿಂದಷ್ಟೇ ಅಲ್ಲ, ಒಂದೇ ಸೂಜಿ ಹತ್ತು ದನಕ್ಕೆ ಚುಚ್ಚಿದರೂ ಹರಡುತ್ತದೆ. ಸೂಜಿ ಬದಲಿಸಿ ಅಂತ ಧೈರ್ಯವಾಗಿ ಕೇಳಿ.

ಈ ಮೂರನ್ನೂ ಬಿಡಿಸಿ ಹೇಳಲು ಕಿವಿಯ ಒಂದು ಹನಿ ರಕ್ತ, ಒಂದು ಗಾಜಿನ ಪಟ್ಟಿ ಸಾಕು. ಔಷಧಿ ಹಾಕುವ ಮೊದಲೇ ರಕ್ತ ತೆಗೆಸಿ.

ಉಣ್ಣಿ ಜ್ವರಕ್ಕೆ ಲಸಿಕೆ ಇಲ್ವಾ?

ಥೈಲೀರಿಯಾಕ್ಕೆ ಇದೆ, ರಕ್ಷಾವ್ಯಾಕ್-ಟಿ ಅಂತ. ಮಿಶ್ರತಳಿ ದನಗಳಿಗೆ, ಎರಡು ತಿಂಗಳು ದಾಟಿದ ಕರುಗಳಿಂದ ಹಾಕಬಹುದು. ದ್ರವ ಸಾರಜನಕದಲ್ಲಿ ಇಡಬೇಕಾದ ಲಸಿಕೆ ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವುದಿಲ್ಲ. ಹತ್ತು ಮನೆಯವರು ಸೇರಿ ನಿಮ್ಮ ದವಾಖಾನೆಯಲ್ಲಿ ಮೊದಲೇ ಹೇಳಿ ತರಿಸಿಕೊಳ್ಳಿ.

## ಕಜ್ಜಿ, ತುರಿಕೆ

ಕುರಿ ಬಂಡೆಗೆ ಮೈ ತಿಕ್ತಾವೆ, ಉಣ್ಣೆ ಗಂಟು ಗಂಟಾಗಿ ಕಿತ್ತು ಬರ್ತಿದೆ. ಏನಿದು?

ಉಣ್ಣೆ ಇರುವ ಪಕ್ಕೆ, ಬೆನ್ನಿನಲ್ಲಿ ಹಳದಿ ಹೆಕ್ಕಳಿಕೆ ಕಟ್ಟಿದ್ದರೆ ಸೋರಾಪ್ಟಿಸ್ ಅನ್ನುವ ನುಸಿಯ ಅನುಮಾನ. ಇದು ಚರ್ಮದ ಮೇಲೆಯೇ ಇದ್ದು ಕಚ್ಚುತ್ತದೆ. ಮುಖ, ತುಟಿ, ಕಿವಿ ತುದಿಯಲ್ಲಿ ಚರ್ಮ ದಪ್ಪಗಾಗಿ ಸುಕ್ಕಿದ್ದರೆ ಸಾರ್ಕಾಪ್ಟಿಸ್. ಇದು ಚರ್ಮದೊಳಗೆ ಬಿಲ ಕೊರೆಯುತ್ತದೆ. ಡೆಕ್ಕನಿ, ಬಳ್ಳಾರಿ ಕುರಿಗಳಿಗೆ ಒರಟು ಉಣ್ಣೆ ಇರುವುದರಿಂದ ಮೊದಲ ಬಗೆ ಒಳಗೊಳಗೇ ಹಬ್ಬುತ್ತದೆ. ಕೆಂಗುರಿಗೆ ಕೂದಲು ಗಿಡ್ಡ, ಬೇಗ ಕಣ್ಣಿಗೆ ಬೀಳುತ್ತದೆ.

ಖಾತ್ರಿ ಮಾಡಲು ಗಾಯದ ನಡುವೆ ಅಲ್ಲ, ಅಂಚಿನಲ್ಲಿ ಬ್ಲೇಡಿನಿಂದ ಸಣ್ಣಗೆ ರಕ್ತ ಜಿನುಗುವವರೆಗೆ ಕೆರೆಯಬೇಕು. ಒಂದು ಸಲ ಕುರಿಗಾರ ಹುಡುಗನಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಗುಂಡಗಿನ ಮೈ, ಗಿಡ್ಡ ಕಾಲು, ಅಲ್ಲಾಡುತ್ತಿತ್ತು. "ಇಷ್ಟು ಸಣ್ಣದಕ್ಕೆ ನಮ್ಮ ಟಗರು ಹಿಂಗ ಆತಾ?" ಅಂದ. ಅವತ್ತಿನಿಂದ ಅವನು ಒಂದು ಕುರಿ ಕೆರೆದುಕೊಂಡರೂ ಬೇರೆ ಕಟ್ಟುತ್ತಾನೆ.

ಒಂದೇ ಕುರಿಗೆ ಔಷಧಿ ಕೊಟ್ಟರೆ ಪ್ರಯೋಜನವಿಲ್ಲ. ಹಿಂಡಿಗೆಲ್ಲಾ, ಎರಡು ಸಲ. ನಡುವೆ 7ರಿಂದ 14 ದಿನ, ಯಾವ ನುಸಿ ಅಂತ ನೋಡಿ ಡಾಕ್ಟರ್ ಹೇಳುತ್ತಾರೆ. ಸೋರಾಪ್ಟಿಸ್ ಕುರಿಯ ಮೈ ಬಿಟ್ಟೂ ಎರಡು ಮೂರು ವಾರ ಬದುಕುತ್ತದೆ. ಜಾಲಿ ಮುಳ್ಳಿಗೆ ಸಿಕ್ಕ ಉಣ್ಣೆಯ ಎಳೆಯಲ್ಲೂ ಇರಬಹುದು. ಔಷಧಿ ಆದ ಹಿಂಡನ್ನು ಹಳೆಯ ಹಟ್ಟಿಗೆ ತಿರುಗಿ ಕೂಡಬೇಡಿ.

ಕುರಿ ಅದ್ದಿಸೋವಾಗ ಏನು ನೋಡ್ಕೋಬೇಕು?

ಉಣ್ಣೆ ಕತ್ತರಿಸಿ ಒಂದೆರಡು ವಾರ ಆಗಿರಲಿ, ಕತ್ತರಿ ಗಾಯ ಮಾಯ್ದಿರುತ್ತದೆ. ಹಿಂದಿನ ರಾತ್ರಿ ನೀರು ಕುಡಿಸಿ. ಬೆಳಿಗ್ಗೆ ಎಂಟರೊಳಗೆ ಶುರು ಮಾಡಿ. ಅರ್ಧದಿಂದ ಒಂದು ನಿಮಿಷ ತೊಟ್ಟಿಯಲ್ಲಿ, ತಲೆ ಒಂದು ಸಲ ಮುಳುಗಿಸಿ ಬಿಡಿ, ಬಾಯಿ ಕೈಯಲ್ಲಿ ಮುಚ್ಚಿ. ತುಂಬು ಗಬ್ಬದವು, ಎಳೆ ಮರಿ ಬೇಡ. ಕುರಿ ನೀರನ್ನು ಹೀರಿಕೊಂಡು ಹೋಗುತ್ತದೆ, ಜೊತೆಗೆ ಔಷಧಿಯನ್ನೂ. ಹಾಗಾಗಿ ನೀರು ಇಳಿದಂತೆ ಹೊಸ ದ್ರಾವಣವನ್ನು ಅದೇ ಅಳತೆಯಲ್ಲಿ ಬೆರೆಸಿ ಹುಯ್ಯಬೇಕು, ಬರೀ ನೀರು ಹಾಕಬಾರದು.

ಉಳಿದ ನೀರನ್ನು ಕಾಲುವೆಗೆ, ಹಳ್ಳಕ್ಕೆ ಬಿಡಬೇಡಿ, ಮೀನು ಸಾಯುತ್ತವೆ. ಪಕ್ಕದಲ್ಲಿ ಯಾರದಾದರೂ ಹಿಪ್ಪುನೇರಳೆ ತೋಟ ಇದ್ದರೆ ಇನ್ನೂ ದೂರ ಹೋಗಿ. ಎಲೆ ಮೇಲೆ ಡೆಲ್ಟಾಮೆಥ್ರಿನ್ ಹನಿ ಬಿದ್ದರೂ ರೇಷ್ಮೆ ಹುಳು ಉಳಿಯುವುದಿಲ್ಲ.

ನಾಯಿಮರಿಗೆ ಕಣ್ಣಿನ ಸುತ್ತ ಕೂದಲು ಉದುರಿದೆ, ತುರಿಕೆ ಇಲ್ಲ. ಮಕ್ಕಳಿಗೆ ಅಂಟುತ್ತಾ?

ತುರಿಕೆ ಇಲ್ಲದಿದ್ದರೆ ಡೆಮೊಡೆಕ್ಸ್ ಇರಬಹುದು, ಕೂದಲಿನ ಬುಡದಲ್ಲಿರುವ ನುಸಿ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯಿಂದ ಬರುತ್ತದೆ, ಮನುಷ್ಯರಿಗೆ ಅಂಟುವುದಿಲ್ಲ. ಆಡುಗಳ ಚರ್ಮದಲ್ಲಿ ಕಡಲೆಯಷ್ಟು ಗಂಟು ಮಾಡುವುದೂ ಇದರದೇ ಬಳಗ. ಕಿವಿ ತುದಿ, ಮೊಣಕೈಯಲ್ಲಿ ವಿಪರೀತ ತುರಿಕೆ ಇದ್ದರೆ ಮಾತ್ರ ಸಾರ್ಕಾಪ್ಟಿಸ್. ಅದು ಎತ್ತಿಕೊಂಡವರ ಕೈಗೂ ತುರಿಕೆ ತರುತ್ತದೆ, ನಾಯಿಗೆ ಗುಣವಾದರೆ ಅದೂ ಹೋಗುತ್ತದೆ.

ಕೋಳಿಗಳು ರಾತ್ರಿ ಗೂಡಿಗೆ ಹೋಗೋಕೆ ಒಲ್ಲೆ ಅಂತಾವೆ. ದೆವ್ವ ಗಿವ್ವ ಅಂತಾರೆ ನಮ್ಮತ್ತೆ.

ಗೂಡಿನ ಸಂದಿಯಲ್ಲಿ ಕೆಂಪು ನುಸಿ ಇರಬೇಕು. ಹಗಲು ಅಡಗಿದ್ದು ರಾತ್ರಿ ಬಂದು ರಕ್ತ ಕುಡಿಯುತ್ತದೆ. ಕೋಳಿಗೆ ಬರುವ ಚಪ್ಪಟೆ ಮೆತ್ತನೆ ಉಣ್ಣಿಯೂ ಹೀಗೇ ರಾತ್ರಿಯ ಕಳ್ಳ. ನಡುರಾತ್ರಿ ಟಾರ್ಚ್ ಹಾಕಿ ಅತ್ತೆಗೇ ತೋರಿಸಿ. ಗೂಡು ಖಾಲಿ ಮಾಡಿ ಬಿಸಿನೀರು ಸುರಿದು, ಒಣಗಿಸಿ, ಸುಣ್ಣ ಬಳಿಯಿರಿ. ಕಾಲಿನ ಹುರುಪೆ ಎದ್ದು ಸುಣ್ಣ ಮೆತ್ತಿದ ಹಾಗೆ ಆಗಿದ್ದರೆ ಅದು ಬೇರೆ ನುಸಿ. ಸೋಪಿನ ಬಿಸಿನೀರಲ್ಲಿ ನೆನೆಸಿ, ಹುರುಪೆ ಮೆತ್ತಗೆ ಉಜ್ಜಿ, ಬೇವಿನೆಣ್ಣೆಯನ್ನೋ ವ್ಯಾಸಲೀನನ್ನೋ ಕೆಲವು ವಾರ ಹಚ್ಚುತ್ತಿರಿ.

## ಮನುಷ್ಯರು, ಊರು, ಹಿಂಡು

ದನದ ಉಣ್ಣಿಯಿಂದ ನಮಗೂ ಮಂಗನ ಕಾಯಿಲೆ ಬರುತ್ತಾ?

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. ಅದನ್ನು ಹರಡುವುದು ಕಾಡಿನ ಉಣ್ಣಿ. ನಮ್ಮ ಬಯಲಿನ ಕೊಟ್ಟಿಗೆಯ ಉಣ್ಣಿಯಿಂದ ಆ ಭಯ ಪಡಬೇಕಿಲ್ಲ.

ಹಯಲೋಮಾದ ಲೆಕ್ಕ ಬೇರೆ. ಕಾಂಗೋ ಜ್ವರ ಅನ್ನುವ ರಕ್ತಸ್ರಾವದ ಜ್ವರಕ್ಕೆ ಅದೇ ವಾಹಕ. ನಮ್ಮ ದೇಶದಲ್ಲಿ ಅದು ಮೊದಲು ಕಾಣಿಸಿದ್ದು 2011ರ ಜನವರಿಯಲ್ಲಿ, ಗುಜರಾತಿನಲ್ಲಿ. ದನಕ್ಕೆ ಏನೂ ಆಗಿರುವುದಿಲ್ಲ, ಮನುಷ್ಯರಿಗೆ ಮಾತ್ರ ಅಪಾಯ. ಹಾಗಾಗಿಯೇ ಬರಿಗೈಯಲ್ಲಿ ಉಣ್ಣಿ ಒಡೆಯಬೇಡಿ ಅಂತ ಮೇಲೆ ಅಷ್ಟು ಒತ್ತಿ ಹೇಳಿದ್ದು. ಕುರಿ ಕಡಿಯುವವರು, ಹೆರಿಗೆ ಮಾಡಿಸುವವರು ಕೈಗವಸು ಹಾಕಿಕೊಳ್ಳಿ. ಉಣ್ಣಿ ಕಚ್ಚಿ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ "ನಾವು ದನ ಸಾಕುತ್ತೇವೆ, ಉಣ್ಣಿ ಕಚ್ಚಿತ್ತು" ಅಂತ ನೀವಾಗಿಯೇ ಹೇಳಿ. ಅವರು ಕೇಳುತ್ತಾರೆ ಅಂತ ಕಾಯಬೇಡಿ.

ಊರೂರು ತಿರುಗೋ ಕುರಿ ಹಿಂಡಿನವರೇ ಉಣ್ಣಿ ತರ್ತಾರೆ. ಹೊಲದಲ್ಲಿ ಕುರಿ ನಿಲ್ಲಿಸೋದು ಬಂದ್ ಮಾಡ್ಬೇಕಾ?

ಈ ಮಾತು ಕೇಳಿದಾಗ ನನಗೆ ಬೇಜಾರಾಗುತ್ತದೆ. ಭತ್ತ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಸಿಗುವ ಗೊಬ್ಬರಕ್ಕೆ ನಾವೇ ಅವರನ್ನು ಕರೆಯುತ್ತೇವೆ. ಬಯಲಿನಲ್ಲಿ ಒಂದೆರಡು ರಾತ್ರಿ ಮಲಗಿ ಮುಂದೆ ಹೋಗುವ ಹಿಂಡಿಗಿಂತ, ವರ್ಷಪೂರ್ತಿ ಒಂದೇ ಸಂದಿಗೊಂದಿಯ ಕೊಟ್ಟಿಗೆಯಲ್ಲಿ ಕಟ್ಟಿದ ದನದಲ್ಲೇ ನಾನು ಜಾಸ್ತಿ ಉಣ್ಣಿ ಕಂಡಿದ್ದೇನೆ. ಹುಳ ಹಿಂಡಿನ ಜೊತೆ ಬರುವುದಿಲ್ಲ ಅಂತ ಅಲ್ಲ. ಕುರಿ ನಿಂತ ಹೊಲದಲ್ಲಿ ಕೆಲವು ದಿನ ನಿಮ್ಮ ಆಕಳು ಮೇಯಿಸಬೇಡಿ, ಅಷ್ಟು ಮಾಡಿ. ಸಂತೆಯಿಂದ ತಂದ ಯಾವ ಜಾನುವಾರನ್ನೂ ಮೂರು ವಾರ ಬೇರೆ ಕಟ್ಟಿ, ಔಷಧಿ ಹೊಡೆದು, ಆಮೇಲೆ ಕೂಡಿಸಿ. ನಾನು ನೋಡಿದ ಹೊಸ ಕಜ್ಜಿಯಲ್ಲಿ ಬಹುಪಾಲು ಸಂತೆಯಿಂದ ಬಂದದ್ದು.

ಕುರಿಗಾರರ ಮಾತನ್ನೂ ಕೇಳಿ. ಅಮೆರಿಕದ ಟೆಕ್ಸಾಸ್‌ನಲ್ಲಿ ದನಗಳ ಕೆಂಪು ಉಚ್ಚೆ ಜ್ವರ ಉಣ್ಣಿಯಿಂದ ಬರುತ್ತದೆ ಅಂತ ದನ ಕಾಯುವವರು ಬಹಳ ಹಿಂದೆಯೇ ಹೇಳುತ್ತಿದ್ದರು, ಓದಿದವರು ನಂಬಲಿಲ್ಲ. 1893ರಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಅದನ್ನೇ ಪ್ರಯೋಗ ಮಾಡಿ ತೋರಿಸಿದರು.

ನಾನೊಬ್ಬನೇ ಮಾಡಿದರೆ ಏನು ಬಂತು? ಪಕ್ಕದ ಮನೆ ದನದ ಮೇಲೆ ಉಣ್ಣಿ ಹಂಗೇ ಇರ್ತಾವಲ್ಲ.

ನಿಮ್ಮ ಗೋಡೆ ಶುದ್ಧವಾದರೆ ನಿಮ್ಮ ದನಕ್ಕೆ ಅರ್ಧಕ್ಕಿಂತ ಜಾಸ್ತಿ ನೆಮ್ಮದಿ. ಆದರೂ ಪ್ರಶ್ನೆ ಸರಿಯಾದದ್ದೇ. ಅಮೆರಿಕದಲ್ಲಿ 1906ರಲ್ಲಿ ಶುರು ಮಾಡಿ 1943ರ ಹೊತ್ತಿಗೆ ಮೆಕ್ಸಿಕೊ ಗಡಿಯ ಪಟ್ಟಿ ಬಿಟ್ಟು ಉಳಿದೆಲ್ಲಾ ಕಡೆ ದನದ ಜ್ವರದ ಉಣ್ಣಿಯನ್ನು ತೆಗೆದುಹಾಕಿದರು. ಎಲ್ಲರ ದನವನ್ನೂ ಒಟ್ಟಿಗೆ ಅದ್ದಿಸಿದ್ದರಿಂದ ಆದದ್ದು ಅದು. ದನ ಬೀದಿಯಲ್ಲಿ, ಗೋಮಾಳದಲ್ಲಿ ಒಟ್ಟಿಗೆ ಮೇಯುವ ನಮ್ಮಲ್ಲಿ ಪೂರ್ತಿ ಇಲ್ಲದಂತೆ ಮಾಡುವ ಮಾತು ನಾನು ಆಡುವುದಿಲ್ಲ. ಒಂದು ಓಣಿ ಒಟ್ಟಿಗೆ ಮಾಡಬಹುದು.

ಅದಕ್ಕೆ ದಿನವೂ ನಮ್ಮಲ್ಲೇ ಇದೆ. ಕಾರಹುಣ್ಣಿಮೆ ಬರುವುದು ಮುಂಗಾರಿನ ಬಾಯಲ್ಲಿ, ಉಣ್ಣಿ ಹೆಚ್ಚುವ ಸ್ವಲ್ಪ ಮೊದಲು. ಅವತ್ತು ಓಣಿಯ ಎತ್ತುಗಳೆಲ್ಲಾ ಮನೆಯಲ್ಲೇ ಇರುತ್ತವೆ, ಎಲ್ಲರೂ ಮೈ ತೊಳೆಯುತ್ತಾರೆ. ತೊಳೆಯುವಾಗ ಕಿವಿ ಮಡಚಿ ನೋಡಿ, ಬಾಲ ಎತ್ತಿ ನೋಡಿ, ಡಬ್ಬಿ ಪಕ್ಕದಲ್ಲಿರಲಿ. ಕೋಡಿಗೆ ಬಣ್ಣ, ಹಬ್ಬದ ಓಟ ಎಲ್ಲಾ ಆಗಲಿ. ಮಾರನೆಯ ದಿನ ಬೆಳಿಗ್ಗೆ, ಮೈ ಒಣಗಿರುವಾಗ, ಓಣಿಯವರು ಒಂದು ಪಂಪ್ ಹಂಚಿಕೊಂಡು ದನಕ್ಕೂ ಗೋಡೆಗೂ ಹೊಡೆಯಿರಿ. ಹದಿನೈದು ದಿನ ಎಣಿಸಿದರೆ ಮಣ್ಣೆತ್ತಿನ ಅಮಾವಾಸ್ಯೆ. ಎರಡನೇ ಸಲ ಅವತ್ತಿಗೆ.